ಕಾರಿನ ರಿಮೋಟ್ ಕೀ: ಬ್ಯಾಟರಿ ಬದಲಿಸುವ ಬಗೆ

ಹತ್ತು ಹೆಜ್ಜೆ ದೂರದಿಂದಲೇ ತೆರೆದುಕೊಳ್ಳುತ್ತಿದ್ದ ಕಾರು, ಬಾಗಿಲ ಬಳಿ ನಿಂತು ಎರಡು ಮೂರು ಬಾರಿ ಗುಂಡಿ ಒತ್ತಿದರೂ ಸುಮ್ಮನಿದ್ದರೆ, ರಿಮೋಟಿನ ಬ್ಯಾಟರಿ ಮುಗಿಯುತ್ತ ಬಂದಿರಬಹುದು; ಸಾಮಾನ್ಯವಾಗಿ ಅದು ಎರಡು ಮೂರು ವರ್ಷ ಬಾಳುತ್ತದೆ. ಅನೇಕ ಕೀಗಳಲ್ಲಿರುವುದು 3 ವೋಲ್ಟಿನ ಸಿಆರ್ 2032 ಬಿಲ್ಲೆಯಾದರೂ, ಹಳೆಯದರ ಮೇಲಿನ ಸಂಖ್ಯೆಯನ್ನು ಓದಿಕೊಂಡೇ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳ ಕಡೆ ಹೊರಡುವುದು ಒಳ್ಳೆಯದು, ಏಕೆಂದರೆ ಅಷ್ಟೇ ಅಗಲದ 2025 ಬಿಲ್ಲೆ 0.7 ಮಿ.ಮೀ. ತೆಳುವಾಗಿದ್ದು ಸಡಿಲವಾಗಿ ಕೂರುತ್ತದೆ.

ಒಳಗಿನ ಲೋಹದ ಕೀಲಿಯನ್ನು ಹೊರಗೆಳೆದು, ಸಂದಿಗೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲನೆ ತಿರುವಿದರೆ, ಹೆಚ್ಚಿನವುಗಳ ಕವಚ ಟಕ್ಕೆಂದು ಬಿಡಿಸಿಕೊಳ್ಳುತ್ತದೆ. ಪ್ಲಸ್ ಗುರುತು ಯಾವ ಕಡೆಗಿತ್ತೆಂದು ನೋಡಿಕೊಂಡು (ನಾನಂತೂ ಫೋಟೋ ತೆಗೆದಿಡುತ್ತೇನೆ) ಹೊಸದನ್ನು ಅಂಚಿನಲ್ಲಿ ಹಿಡಿದು ಕೂರಿಸಬೇಕು. ಹಳೆಯದು ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ.

ದಾರಿಯಲ್ಲೇ ಬ್ಯಾಟರಿ ಸತ್ತರೆ, ಲೋಹದ ಕೀಲಿಯಿಂದ ಬಾಗಿಲು ತೆರೆದು, ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿದರೆ ಅನೇಕ ಕಾರುಗಳು ಚಾಲೂ ಆಗುತ್ತವೆ.