ಗುಂಯ್ ಅನ್ನದ ಸ್ಪೀಕರ್ ಬಾಕ್ಸ್ ಮಾಡಿಸುವುದು ಹೇಗೆ?

ಭಜನೆಯ ರೆಕಾರ್ಡಿಂಗ್ ಹಚ್ಚಿದರೆ ಡಗ್ಗಾ ಒಂದೇ ಗುಂಯ್ ಅನ್ನುತ್ತದೆ, ಹಾಡುವವರ ಮಾತು ಅದರಲ್ಲಿ ಹೂತುಹೋಗುತ್ತದೆ. ನಮ್ಮ ಬಾಗಲಕೋಟೆ ಕಡೆ ಇದಕ್ಕೆ 'ಬೇಸ್ ಭಾರಿ ಐತಿ' ಎಂಬ ಹೊಗಳಿಕೆ ಬೇರೆ! ಅದರಲ್ಲಿ ಬಹುಪಾಲು ಬಾಕ್ಸಿನದೇ ಸದ್ದು ಇರಬಹುದು. ವೂಫರ್ (ಬೇಸ್, ಅಂದರೆ ತಗ್ಗಿನ ಸ್ವರ ನುಡಿಸುವ ದೊಡ್ಡ ಸ್ಪೀಕರ್) ಬದಲಿಸುವ ಮೊದಲು ಬಾಕ್ಸಿನ ಪಕ್ಕಕ್ಕೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಿ. ಟಕ್ ಎಂದು ನಿಂತರೆ ಸರಿ. ಡೊಂಯ್ ಎಂದು ಎಳೆದರೆ ಬಡಿಗೇರರನ್ನು ಕರೆಯಿರಿ.

ಸ್ಪೀಕರಿನ ಕೋನ್, ಅಂದರೆ ನಡುಗುವ ಆಲಿಕೆಯಂಥ ಭಾಗ, ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದಿನಿಂದ ಎಳೆಯುತ್ತದೆ. ಬಾಕ್ಸ್ ಇಲ್ಲದಿದ್ದರೆ ಎರಡೂ ಕೂಡಿ ತಗ್ಗಿನ ಸ್ವರ ಅಳಿಸಿಹೋಗುತ್ತದೆ. ಹಿಂದಿನ ಸದ್ದನ್ನು ಕಟ್ಟಿಹಾಕಲು ಬಾಕ್ಸ್ ಬೇಕು. ಕಟ್ಟಿಹಾಕಿದ ಸದ್ದು ಸುಮ್ನೆ ಇರುವುದಿಲ್ಲ. ಹಲಗೆಯನ್ನು ನಡುಗಿಸುತ್ತದೆ, ಸಂದಿಯಿಂದ ನುಸುಳುತ್ತದೆ, ಕೋನ್ ಮೂಲಕವೇ ವಾಪಸ್ ಬರುತ್ತದೆ.

ಹಲಗೆ

18 ಮಿ.ಮೀ. ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತನ್ನಿ. 12 ಮಿ.ಮೀ. ಹಲಗೆಗಿಂತ ದಪ್ಪ ಒಂದೂವರೆ ಪಟ್ಟು, ಆದರೆ ಬಿಗಿ ಮೂರು ಪಟ್ಟಿಗಿಂತ ಜಾಸ್ತಿ. ಮನೆಯಲ್ಲಿ ಉಳಿದ ಸಾಗವಾನಿ ಬೇಡ. ನಮ್ಮ ಒಣ ಬೇಸಿಗೆಗೆ ಇಡೀ ಮರ ಕುಗ್ಗಿ ಸಂದಿ ಬಿಡುತ್ತದೆ.

ಅಳತೆ

ಎದುರುಬದುರು ಹಲಗೆಗಳ ನಡುವೆ ಸದ್ದು ಓಡಾಡಿ, ಒಂದೊಂದು ಸ್ವರ ಮಾತ್ರ ಉಬ್ಬುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 40 ಸೆಂ.ಮೀ. ಅಂತರದಲ್ಲಿ (ಹೋಗಿ ಬರಲು 80 ಸೆಂ.ಮೀ.) ಮೊದಲ ಉಬ್ಬು ಸೆಕೆಂಡಿಗೆ ಸುಮಾರು 429 ಕಂಪನ, ಅಂದರೆ 429 ಹರ್ಟ್ಝ್‌ಗೆ ಬರುತ್ತದೆ. ಉದ್ದ, ಅಗಲ, ಆಳ ಮೂರೂ ಸಮ ಇದ್ದರೆ ಮೂರು ಉಬ್ಬೂ ಒಂದೇ ಸ್ವರದ ಮೇಲೆ ಬೀಳುತ್ತವೆ. ಒಂದು ಅಳತೆ ಇನ್ನೊಂದರ ದುಪ್ಪಟ್ಟಾದರೂ ಗೋಳೇ.

8 ಇಂಚಿನ ವೂಫರಿಗೆ ಒಂದು ಲೆಕ್ಕ ಕೊಡುತ್ತೇನೆ. ಒಳಗಿನ ಅಗಲ 25, ಆಳ 31.5, ಎತ್ತರ 40 ಸೆಂ.ಮೀ. ಒಳಗೆ 31.5 ಲೀಟರ್ ಜಾಗ ಸಿಗುತ್ತದೆ. ಮುಂದಿನ, ಹಿಂದಿನ ಹಲಗೆ 28.6 × 43.6. ಪಕ್ಕದವು 31.5 × 43.6. ಮೇಲೆ, ಕೆಳಗೆ 25 × 31.5. ನಿಮ್ಮ ವೂಫರಿನ ಕಾಗದದಲ್ಲಿ ಬೇರೆ ಲೀಟರ್ ಇದ್ದರೆ ಅದನ್ನೇ ನಂಬಿ, ಮೂರೂ ಅಳತೆಯ ನಡುವಿನ ಪ್ರಮಾಣ ಹೀಗೇ ಉಳಿಯುವಂತೆ ಬದಲಿಸಿ.

ಇದು ಪೂರ್ತಿ ಮುಚ್ಚಿದ ಬಾಕ್ಸ್. ಗಾಳಿ ಓಡಾಡಲು ಕೊಳವೆ ಇಟ್ಟ ತೂತಿನ ಬಾಕ್ಸಿನಲ್ಲಿ ಆ ಕೊಳವೆಯ ಉದ್ದ, ಅಗಲ ಮತ್ತು ಬಾಕ್ಸಿನ ಲೀಟರ್ ಕೂಡಿ ಸ್ವರ ನಿರ್ಧರಿಸುತ್ತವೆ. ಅಂದಾಜಿಗೆ ಪೈಪ್ ಕತ್ತರಿಸಿ ತುರುಕಿದರೆ ಎಲ್ಲ ಹಾಡಿಗೂ ಒಂದೇ ಬೇಸ್ ಬರುತ್ತದೆ.

ಜೋಡಣೆ

ಸ್ಕ್ರೂ ಹಾಕಿದರೆ ಸಾಕು ಅನ್ನುವವರಿದ್ದಾರೆ. ಬೇಡ, ಅಂಚಿಗೆಲ್ಲ ಮರದ ಅಂಟು ಹಚ್ಚಿಸಿ. ಎರಡೂ ಪಕ್ಕದ ಹಲಗೆಗಳ ನಡುವೆ ಒಂದು ಅಡ್ಡಪಟ್ಟಿ ಕೊಡಿಸಿ. ಅದು ನಟ್ಟನಡುವೆ ಬರಬಾರದು, ಸ್ವಲ್ಪ ಸರಿದಿರಲಿ. ನಡುವೆ ಇಟ್ಟರೆ ಎರಡೂ ಅರ್ಧ ಒಂದೇ ಸ್ವರಕ್ಕೆ ನಡುಗುತ್ತವೆ. ದೊಡ್ಡ ವೂಫರಿಗೆ ಸುರಿಯುವ ದುಡ್ಡಿಗಿಂತ ಈ ಪಟ್ಟಿಯ ಖರ್ಚು ಹೆಚ್ಚು ಕೆಲಸ ಮಾಡುತ್ತದೆ. ಒಳಗಿನ ಮೂಲೆಗಳಿಗೆ ಸಿಲಿಕೋನ್ ಎಳೆಯಿರಿ. ಅದು ಪೂರ್ತಿ ಒಣಗಿದ ಮೇಲೆ, ಫೋಮ್ ಪಟ್ಟಿ ಇಟ್ಟು ವೂಫರ್ ಕೂರಿಸಿ.

ಬಾಕ್ಸಿನ ಒಳಗೋಡೆಗೆ ತೆಳು ಕಾರ್ಪೆಟ್ ಅಂಟಿಸುವುದರಿಂದ ಹೆಚ್ಚೇನೂ ಆಗುವುದಿಲ್ಲ. ಆ 429 ಹರ್ಟ್ಝ್ ಸದ್ದಿಗೆ ಗಾಳಿ ಜೋರಾಗಿ ಓಡಾಡುವುದು ಬಾಕ್ಸಿನ ನಡುವೆ, ಗೋಡೆಯ ಹತ್ತಿರ ಅಲ್ಲ. ವೂಫರ್ ಕೂರಿಸುವ ಮೊದಲು ಅಲ್ಲಿಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿ. ಕೋನಿಗೆ ಒತ್ತಬಾರದು.

ಮುಂದೆ ಬಟ್ಟೆ ಕಟ್ಟುವಾಗ ಗುಳೇದಗುಡ್ಡದ ಖಣ ಹಾಕುವ ಆಸೆ ಆಗುತ್ತದೆ, ಅಲ್ವಾ? ನೋಡಲು ಚೆಂದ, ಆದರೆ ಒತ್ತು ನೇಯ್ಗೆ. ಊದಿದರೆ ಉಸಿರು ಸಲೀಸಾಗಿ ದಾಟುವ ಬಟ್ಟೆ ಮಾತ್ರ ಹಾಕಿ, ಇಲ್ಲವಾದರೆ ತಾಳದ ಕಿಣಿಕಿಣಿ ಮಂಕಾಗುತ್ತದೆ.

ಪರೀಕ್ಷೆ

ಕೋನನ್ನು ಬೆರಳುಗಳಿಂದ ಮೆಲ್ಲಗೆ, ಸಮವಾಗಿ ಒತ್ತಿ ಬಿಡಿ. ನಿಧಾನಕ್ಕೆ ಮರಳಿದರೆ ಗಾಳಿ ಹೆಚ್ಚು ಸೋರುತ್ತಿಲ್ಲ. ಆಮೇಲೆ ಫೋನಿನ ಟೋನ್ ಆ್ಯಪ್‌ನಿಂದ 60ರಿಂದ 600 ಹರ್ಟ್ಝ್‌ವರೆಗೆ ಸಣ್ಣ ಸದ್ದಿನಲ್ಲಿ ನಿಧಾನಕ್ಕೆ ಏರಿಸುತ್ತ, ಒಂದೊಂದೇ ಹಲಗೆಯ ಮೇಲೆ ಅಂಗೈ ಇಡಿ. ಎಲ್ಲಿ ನಡುಕ ಸಿಕ್ಕಿತೋ ಅಲ್ಲಿ ಒಳಗಿನಿಂದ ಇನ್ನೊಂದು ಪಟ್ಟಿ ಅಂಟಿಸಿ.

ಹಲಗೆ ಗಟ್ಟಿಯಾಗಿದ್ದೂ ಗುಂಯ್ ಉಳಿದರೆ ಬಾಕ್ಸ್ ಇಟ್ಟ ಜಾಗ ನೋಡಿ. ಪೊಳ್ಳು ಕಪಾಟಿನ ಮೇಲಿದ್ದರೆ ಇಳಿಸಿ, ಇಳಕಲ್ಲಿನ ಗ್ರಾನೈಟ್ ತುಂಡಿನ ಮೇಲೆ ರಬ್ಬರ್ ಗುಂಡಿ ಇಟ್ಟು ಕೂರಿಸಿ. ಕೋಣೆಯ ಮೂಲೆ ಬೇಸನ್ನು ಇನ್ನಷ್ಟು ಉಬ್ಬಿಸುತ್ತದೆ, ಅಲ್ಲಿಂದ ಒಂದೆರಡು ಅಡಿ ಈಚೆಗೆ ಎಳೆಯಿರಿ.