ಲೋಡರ್‌ಗೆ ಪಂಪ್: 32 ಸಿಸಿಯಿಂದ 16ಕ್ಕೆ ಇಳಿದ ನನ್ನ ಅನುಭವ

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಕೊಟ್ಟಿಗೆ ಗೊಬ್ಬರ ಎತ್ತಿ ಹಾಕಲು ಆಳು ಸಿಗುವುದು ಕಷ್ಟ, ಜೆಸಿಬಿ ಅಡಿಕೆ ಸಾಲಿನೊಳಗೆ ಹೋಗುವುದಿಲ್ಲ. ಅದಕ್ಕೇ 24 ಎಚ್‌ಪಿಯ ನಮ್ಮ ಮಿನಿ ಟ್ರ್ಯಾಕ್ಟರ್‌ಗೆ ಮುಂದೆ ಲೋಡರ್ ಕೂರಿಸಿದೆವು. ಬಕೆಟ್ಟು, ಅದನ್ನು ಎತ್ತುವ ತೋಳು ಎಲ್ಲ ಊರಿನ ವೆಲ್ಡಿಂಗ್ ಶಾಪ್‌ನಲ್ಲೇ ಚೆನ್ನಾಗಿ ಆಯಿತು. ತಲೆ ತಿಂದಿದ್ದು ಪಂಪ್, ಅಂದರೆ ತೋಳು ಎತ್ತುವ ಎರಡು ಸಿಲಿಂಡರ್‌ಗೆ ಆಯಿಲ್ ತಳ್ಳುವ ಹೈಡ್ರಾಲಿಕ್ ಪಂಪ್. ಅದು ಒಂದು ಸುತ್ತಿಗೆ ಎಷ್ಟು ಆಯಿಲ್ ತಳ್ಳುತ್ತದೆ ಅನ್ನುವುದನ್ನು ಸಿಸಿಯಲ್ಲಿ ಹೇಳುತ್ತಾರೆ.

"ಗೌಡ್ರೇ, 32 ಸಿಸಿ ಹಾಕ್ಬಿಡಿ, ಜಾಸ್ತಿ ಎತ್ತುತ್ತೆ" ಅಂದರು ಪಂಪ್ ಕೊಟ್ಟವರು. ನಂಬಿ ತಂದೆ. ಎಂಜಿನ್ ಮುಂದೆ ಅದರ ಜೊತೆಗೇ ತಿರುಗುವ ಗಾಲಿಗೆ (ಕ್ರ್ಯಾಂಕ್ ಪುಲ್ಲಿ) ನೇರ ಜೋಡಿಸಿದೆವು. ಮೊದಲ ದಿನ ಹಸಿ ಗೊಬ್ಬರ ತುಂಬಿ ಲಿವರ್ ಎಳೆದೆ. ಬಕೆಟ್ಟು ಒಂದಡಿ ಎದ್ದಿತು, ಎಂಜಿನ್ ಹೊಗೆ ಕಕ್ಕಿ ನಿಂತೇ ಹೋಯಿತು. ಖಾಲಿ ಬಕೆಟ್ ಆದರೆ ಜಿಗಿದ ಹಾಗೆ ಮೇಲೆ ಹೋಗುತ್ತಿತ್ತು, ಬೇಕಾದ ಕಡೆ ನಿಲ್ಲಿಸಲು ಆಗುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಆಯಿಲ್ ಟ್ಯಾಂಕ್ ಮುಟ್ಟಲಾಗದಷ್ಟು ಬಿಸಿ.

ಆ ರಾತ್ರಿ ಪೆನ್ನು ಹಿಡಿದು ಕೂತೆ. ಅಂಗಡಿಯಲ್ಲಿ ಹೇಳಿದ್ದು ತಪ್ಪು ಅಂತ ಆಗ ಗೊತ್ತಾಯಿತು. ಪಂಪ್ ಕೊಡುವುದು ಆಯಿಲ್ ಹರಿವು, ಅಂದರೆ ವೇಗ. ಎಷ್ಟು ಭಾರ ಏಳುತ್ತದೆ ಅನ್ನುವುದು ಪ್ರೆಷರ್ ಮತ್ತು ಸಿಲಿಂಡರ್ ಅಗಲದ ಲೆಕ್ಕ. ನನ್ನ ಸಿಲಿಂಡರ್ ಒಳ ಅಗಲ 50 ಮಿಮೀ. ಪ್ರೆಷರ್ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವನ್ನು 150 ಬಾರ್‌ಗೆ (ಬಾರ್ ಅಂದರೆ ಪ್ರೆಷರ್ ಅಳತೆ) ಇಟ್ಟರೆ ಒಂದೊಂದು ಸಿಲಿಂಡರ್ ಸುಮಾರು 3 ಟನ್ ಒತ್ತುತ್ತದೆ. ತೋಳು ಉದ್ದ ಇರುವುದರಿಂದ ಬಕೆಟ್ ಹತ್ತಿರ ಅದು ತುಂಬಾ ಕಡಿಮೆಯಾಗುತ್ತದೆ, ಆದರೂ ಗೊಬ್ಬರಕ್ಕೆ ಸಾಕು. ಪಂಪ್ 16 ಆದರೂ 32 ಆದರೂ ಈ ಬಲ ಬದಲಾಗುವುದಿಲ್ಲ!

ಹಾಗಾದರೆ ಪಂಪ್ ಎಷ್ಟು ದೊಡ್ಡದು ಬೇಕು? ಸಿಲಿಂಡರ್ ರಾಡ್ ಹೊರಗೆ ಬರುವ ಉದ್ದ, ಅಂದರೆ ಸ್ಟ್ರೋಕ್, 400 ಮಿಮೀ, ಎರಡು ಸಿಲಿಂಡರ್ ತುಂಬಲು 1.57 ಲೀಟರ್ ಆಯಿಲ್ ಬೇಕು. ನಾನು ಕೆಲಸ ಮಾಡುವುದು ಎಂಜಿನ್ 1500 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 1500 ಸುತ್ತು. 16 ಸಿಸಿ ಅಂದರೆ ಒಂದು ಸುತ್ತಿಗೆ 16 ಸಿಸಿ, ನಿಮಿಷಕ್ಕೆ 24 ಲೀಟರ್. ಶೇಕಡಾ 10 ಸೋರಿಕೆ ಕಳೆದರೆ ಹತ್ತಿರ ಹತ್ತಿರ 22. ಬಕೆಟ್ಟು ನಾಲ್ಕೂವರೆ ಸೆಕೆಂಡಿನಲ್ಲಿ ಮೇಲೆ. ಇದಕ್ಕಿಂತ ಬೇಗ ಯಾಕೆ ಬೇಕು ಹೇಳಿ?

ಎಚ್‌ಪಿ ಲೆಕ್ಕ ಇನ್ನೂ ಮುಖ್ಯ. ನಿಮಿಷದ ಲೀಟರನ್ನು ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಪಂಪ್‌ನಲ್ಲಿ ಆಗುವ ನಷ್ಟ ಸೇರಿಸಿದರೆ 16 ಸಿಸಿಗೆ ಎಂಟೊಂಬತ್ತು ಎಚ್‌ಪಿ, 32 ಸಿಸಿಗೆ 17. ಎಂಜಿನ್ 24 ಎಚ್‌ಪಿ ಅಂತ ಬರೆದಿದ್ದರೂ 1500 ಆರ್‌ಪಿಎಂನಲ್ಲಿ ಅಷ್ಟು ಕೊಡುವುದಿಲ್ಲ. ನಿಂತು ಹೋಗದೆ ಇನ್ನೇನು!

ಪಿಟಿಓಗೆ, ಅಂದರೆ ಟ್ರ್ಯಾಕ್ಟರ್ ಹಿಂದೆ ಬೇರೆ ಉಪಕರಣ ತಿರುಗಿಸಲು ಇರುವ ಶಾಫ್ಟ್‌ಗೆ, ಜೋಡಿಸೋಣ ಅಂತಲೂ ಯೋಚಿಸಿದೆ. ಅಲ್ಲಿ ನಿಮಿಷಕ್ಕೆ 540 ಸುತ್ತು, 16 ಸಿಸಿ ಪಂಪ್ ನಿಮಿಷಕ್ಕೆ 8 ಲೀಟರ್ ಕೂಡ ಸರಿಯಾಗಿ ಕೊಡಲ್ಲ. ವೇಗ ಹೆಚ್ಚಿಸುವ ಗೇರ್ ಬಾಕ್ಸ್ ಬೇಕು, ಅದು ಬೇರೆ ಖರ್ಚು. ಬಿಟ್ಟೆ.

ಬೆಂಗಳೂರಿನ ಪೀಣ್ಯಕ್ಕೆ ಹೋಗಿ 16 ಸಿಸಿ ಗೇರ್ ಪಂಪ್ (ಒಳಗಿನ ಗೇರ್‌ಗಳು ಆಯಿಲ್ ತಳ್ಳುವ ಪಂಪ್) ತಂದೆ. ಕೊಳ್ಳುವಾಗ ತಿರುಗುವ ದಿಕ್ಕು ಎರಡು ಸಲ ನೋಡಿದೆ. ನಮ್ಮ ಎಂಜಿನ್ ಅನ್ನು ರೇಡಿಯೇಟರ್ ಕಡೆಯಿಂದ ನೋಡಿದರೆ ಗಡಿಯಾರದ ಹಾಗೆ ತಿರುಗುತ್ತದೆ. ಪಂಪ್ ಅದಕ್ಕೆ ಎದುರು ಮುಖ ಮಾಡಿ ಕೂರುತ್ತದೆ. ಪಂಪ್‌ನ ದಿಕ್ಕು ಹೇಳುವುದು ಶಾಫ್ಟ್ ಕಡೆಯಿಂದ ನೋಡಿ, ಹಾಗಾಗಿ ಬೇಕಾದದ್ದು ಆಂಟಿಕ್ಲಾಕ್. ಬೆಲ್ಟ್ ಹಾಕಲಿಲ್ಲ. ಬೆಲ್ಟ್ ಪಂಪ್ ಶಾಫ್ಟನ್ನು ಪಕ್ಕಕ್ಕೆ ಎಳೆಯುತ್ತದೆ, ಸಾಮಾನ್ಯ ಗೇರ್ ಪಂಪ್ ಅದನ್ನು ತಡೆಯಲ್ಲ. ನಡುವೆ ರಬ್ಬರ್ ಇರುವ ಕಪ್ಲಿಂಗ್ ಹಾಕಿ ಎರಡೂ ಶಾಫ್ಟ್ ನೇರ ಮಾಡಿದೆವು. ಅದಕ್ಕೇ ಅರ್ಧ ದಿನ ಹಿಡಿಯಿತು.

ಇಷ್ಟಾದ ಮೇಲೂ ಶುರು ಮಾಡಿದಾಗ ಪಂಪ್ ಒಳಗೆ ಜಲ್ಲಿ ಅರೆದ ಹಾಗೆ ಸದ್ದು. ಟ್ಯಾಂಕ್ ಮುಚ್ಚಳ ತೆಗೆದರೆ ಆಯಿಲ್ ಕಡೆದ ಮಜ್ಜಿಗೆ ಥರ ಬಿಳಿ ನೊರೆ. ತಕ್ಷಣ ನಿಲ್ಲಿಸಿದೆ. ಟ್ಯಾಂಕ್‌ನಿಂದ ಪಂಪ್‌ಗೆ ಆಯಿಲ್ ಎಳೆಯುವ ಸಕ್ಷನ್ ಪೈಪ್ ಮುಕ್ಕಾಲು ಇಂಚು, ಅದೂ ಸಾದಾ ಹೋಸ್, ಎಳೆತಕ್ಕೆ ಚಪ್ಪಟೆಯಾಗುತ್ತಿತ್ತು. ಕ್ಲಾಂಪ್ ಹತ್ತಿರ ಗಾಳಿಯೂ ಎಳೆಯುತ್ತಿತ್ತು. ಒಳಗೆ ತಂತಿ ಇರುವ ಒಂದೂಕಾಲು ಇಂಚಿನ ಸಕ್ಷನ್ ಹೋಸ್ ಹಾಕಿ, ಟ್ಯಾಂಕನ್ನು ಪಂಪ್‌ಗಿಂತ ಮೇಲೆ ಇಟ್ಟೆ. ವಾಪಸ್ ಬರುವ ಪೈಪಿನ ತುದಿ ಆಯಿಲ್ ಒಳಗೆ ಮುಳುಗಿರುವ ಹಾಗೆ ಮಾಡಿದೆ. ಸದ್ದು ಹೋಯಿತು. ಹೊಸ ಪಂಪ್ ಹಾಳಾಗುವುದು ಜಾಸ್ತಿ ಇಲ್ಲೇ ಅಂತ ನನಗನ್ನಿಸುತ್ತದೆ.

ಒಂದು ಮಾತು ದಯವಿಟ್ಟು ಕೇಳಿ. ಹೋಸ್ ಎಲ್ಲಾದರೂ ಸೋರುತ್ತಿದೆ ಅನ್ನಿಸಿದರೆ ಕೈ ಸವರಿ ನೋಡಬೇಡಿ. ಸೂಜಿಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮದ ಒಳಗೇ ನುಗ್ಗುತ್ತದೆ. ರಟ್ಟು ಹಿಡಿದು ನೋಡಿ. ಎತ್ತಿದ ಬಕೆಟ್ ಕೆಳಗೆ ಯಾರನ್ನೂ ಬಿಡಬೇಡಿ.

ಈಗ 68 ನಂಬರ್ (ಆಯಿಲ್ ಎಷ್ಟು ಮಂದ ಅನ್ನುವ ಅಳತೆ) ಹೈಡ್ರಾಲಿಕ್ ಆಯಿಲ್ 30 ಲೀಟರ್ ಹಾಕಿದ್ದೇನೆ. ಎರಡು ಗಂಟೆ ಗೊಬ್ಬರ ಎತ್ತಿದ ಮೇಲೆ ಟ್ಯಾಂಕ್ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಬಿಸಿ ಇರುತ್ತದೆ, ಆದರೆ ಕೈ ತೆಗೆಯಬೇಕು ಅನ್ನಿಸುವಷ್ಟಲ್ಲ.