ಸಾಕು ಹಲ್ಲಿಗೆ ಬೆಚ್ಚನೆಯ ಮರದ ಗೂಡು

ಗಾಜಿನ ತೊಟ್ಟಿಗಿಂತ ಮರದ ಪೆಟ್ಟಿಗೆ ಶಾಖವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಬೆಳೆದ ಬಿಯರ್ಡೆಡ್ ಡ್ರ್ಯಾಗನ್ ಹಲ್ಲಿಗೆ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಬೇಕು. 18 ಮಿ.ಮೀ. ಪ್ಲೈವುಡ್ ಬಳಸಿ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತೇವ ತಾಗಿದರೆ ಉಬ್ಬುತ್ತದೆ.

ಸ್ಕ್ರೂ ಹಾಕುವ ಮೊದಲು ಸಣ್ಣ ತೂತು ಕೊರೆದುಕೊಳ್ಳಿ, ಇಲ್ಲದಿದ್ದರೆ ಅಂಚು ಸೀಳುತ್ತದೆ. ಒಳಮೈಗೆ ನೀರಿನಲ್ಲಿ ಕಲಸುವ ವಾರ್ನಿಷ್ ಮೂರು ಕೋಟ್, ಮೂಲೆಗಳಿಗೆ ಅಕ್ವೇರಿಯಂ ಸಿಲಿಕೋನ್. ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಒಂದು ವಾರ, ತೆರೆದಿಟ್ಟು ಒಣಗಿಸಿ. ಇಲ್ಲಿ ಅವಸರ ಬೇಡವೇ ಬೇಡ: ಬಿಸಿ ಏರಿದಾಗ ಹಸಿ ವಾರ್ನಿಷ್‌ನ ಆವಿಯೆಲ್ಲ ಹಲ್ಲಿಯ ಉಸಿರಿಗೇ ಸೇರುತ್ತದೆ.

ಗಾಳಿಕಿಂಡಿ ತಂಪು ಬದಿಯಲ್ಲಿ ಕೆಳಗೆ, ದೀಪವಿರುವ ಬಿಸಿ ಬದಿಯಲ್ಲಿ ಮೇಲೆ.

ಬಿಸಿ ಕೊಡುವ ದೀಪ ಒಂದೇ ತುದಿಗಿರಲಿ, ಪಿಂಗಾಣಿ ಹೋಲ್ಡರ್‌ನಲ್ಲಿ (ಪ್ಲಾಸ್ಟಿಕ್ ಕರಗುತ್ತದೆ), ಸುತ್ತ ತಂತಿ ಜಾಲರಿ ಇರಲಿ. ಅದರ ಕೆಳಗಿನ ಕಲ್ಲಿನ ಮೇಲ್ಮೈ 38–42 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24–27 ಇರಬೇಕು. ಥರ್ಮೋಸ್ಟಾಟ್ (ಬಿಸಿ ಹೆಚ್ಚಾದರೆ ದೀಪ ಆರಿಸುವ ಸಾಧನ) ಕಡ್ಡಾಯ. ಅದರ ಪ್ರೋಬನ್ನು (ಶಾಖ ಅಳೆಯುವ ತುದಿ) ಬಿಸಿ ಬದಿಯಲ್ಲಿ ಕ್ಲಿಪ್ ಹಾಕಿ ಭದ್ರಪಡಿಸಿ. ಜಾರಿ ತಂಪು ಬದಿಗೆ ಬಿದ್ದರೆ ದೀಪ ಆರದೆ ಉರಿಯುತ್ತದೆ, ಪೆಟ್ಟಿಗೆ ಒಲೆಯಾಗುತ್ತದೆ. ಯುವಿಬಿ (ನೇರಳಾತೀತ ಕಿರಣ) ಟ್ಯೂಬನ್ನು ಒಳಗೇ ಕೂರಿಸಿ, ನಡುವೆ ಗಾಜಿದ್ದರೆ ಅದು ಆ ಕಿರಣಗಳನ್ನು ತಡೆಯುತ್ತದೆ. ಹಲ್ಲಿಯನ್ನು ಬಿಡುವ ಮುನ್ನ ಎರಡು ದಿನ ಖಾಲಿ ಪೆಟ್ಟಿಗೆಯಲ್ಲೇ ದೀಪ ಉರಿಸಿ, ಎರಡೂ ತುದಿಯ ಉಷ್ಣತೆ ಅಳೆಯಿರಿ.